ಅಲ್ಯೂಮಿನಿಯಂ ಸುಮ್ಮನೆ ಕೂತರೆ ತಪ್ಪು ಕೋಷ್ಟಕದ್ದಲ್ಲ

ಲೋಹಗಳ ಪ್ರಯೋಗದ ದಿನ ಪ್ರಯೋಗಾಲಯದಲ್ಲಿ ಅತಿ ಹೆಚ್ಚು ಗೊಂದಲ ಎಬ್ಬಿಸುವುದು ಅಲ್ಯೂಮಿನಿಯಂ. ಲೋಹಗಳನ್ನು ಕ್ರಿಯೆಯ ಚುರುಕಿನ ಕ್ರಮದಲ್ಲಿ ಜೋಡಿಸಿದ ಕೋಷ್ಟಕದಲ್ಲಿ, ಅಂದರೆ ಕ್ರಿಯಾಶೀಲತೆಯ ಸರಣಿಯಲ್ಲಿ, ಅದರ ಜಾಗ ಸತುವಿಗಿಂತ ಮೇಲೆ. ಆದರೆ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ ನೋಡಿ: ಸತುವಿನ ಪ್ರನಾಳದಲ್ಲಿ ಗುಳ್ಳೆ ಏಳುತ್ತಿರುತ್ತವೆ, ಅಲ್ಯೂಮಿನಿಯಂ ಮಿಸುಕಾಡುವುದಿಲ್ಲ. ಎರಡು ನಿಮಿಷ ನೋಡಿ ‘ಕ್ರಿಯೆ ಇಲ್ಲ’ ಎಂದು ಬರೆದುಬಿಡುವವರೇ ಜಾಸ್ತಿ.

ಅಡ್ಡ ನಿಂತಿರುವುದು ಅದರ ಮೈಮೇಲಿನ ಆಕ್ಸೈಡ್ ಪದರ. ದಪ್ಪ ಕೆಲವೇ ನ್ಯಾನೋಮೀಟರ್, ಆದರೂ ಆಮ್ಲವನ್ನು ಒಳಗೆ ಬಿಡುವುದಿಲ್ಲ. ಮರಳು ಕಾಗದದಿಂದ ಉಜ್ಜಿದರೂ ಗಾಳಿ ತಾಗಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಕಾಯುವುದೊಂದೇ ದಾರಿ. ಪದರ ಕರಗಿದ ಮೇಲೆ ಕ್ರಿಯೆಯ ಶಾಖವೇ ಕ್ರಿಯೆಯನ್ನು ಇನ್ನಷ್ಟು ಜೋರು ಮಾಡುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ಪ್ರನಾಳ ಒಮ್ಮೆಲೇ ನೊರೆ ಉಕ್ಕಿಸುತ್ತದೆ. ಹಾಗಾಗಿ 5 ಮಿ.ಲೀ. ಆಮ್ಲ, 1 ಸೆಂ.ಮೀ. ಪಟ್ಟಿ ಸಾಕು. ‘ಏನೂ ಆಗುತ್ತಿಲ್ಲ’ ಎಂದು ಇನ್ನೊಂದಿಷ್ಟು ಲೋಹ ಸುರಿಯುವುದೇ ಅಪಘಾತದ ಮೂಲ. ಆಮ್ಲ ತಯಾರಿಸುವಾಗ ಐದು ಪಾಲು ನೀರಿಗೆ ಒಂದು ಪಾಲು ಸಾರೀಕೃತ (ಗಾಢ) ಆಮ್ಲವನ್ನು ನಿಧಾನವಾಗಿ ಸೇರಿಸಿ. ನೀರನ್ನು ಆಮ್ಲಕ್ಕೆ ಸುರಿಯಬೇಡಿ.

ಈ ಪದರವನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕೆಂದರೆ ಮೈಲುತುತ್ತವೇ (ತಾಮ್ರದ ಸಲ್ಫೇಟ್) ವಾಸಿ. 50 ಮಿ.ಲೀ. ದ್ರಾವಣಕ್ಕೆ ಅಲ್ಯೂಮಿನಿಯಂ ಹಾಳೆಯ ತುಂಡು ಹಾಕಿದರೆ ಹೆಚ್ಚೇನೂ ಆಗದು. ಅದೇ ದ್ರಾವಣಕ್ಕೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಕಿ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಆಕ್ಸೈಡ್ ಪದರವನ್ನು ತೂತು ಮಾಡುತ್ತದೆ, ಕೆಂಪು ತಾಮ್ರ ಅಂಟತೊಡಗುತ್ತದೆ, ಬೀಕರ್ ಬಿಸಿಯಾಗುತ್ತದೆ.

ಸತುವಿನದು ಬೇರೆ ತಕರಾರು. ತೀರಾ ಶುದ್ಧ ಸತುವಾದರೆ ಆಮ್ಲದಲ್ಲಿ ಬಲು ನಿಧಾನ. ಎರಡು ಹನಿ ಮೈಲುತುತ್ತದ ದ್ರಾವಣ ಬಿಟ್ಟರೆ ಸತುವಿನ ಮೇಲೆ ಕೂತ ತಾಮ್ರದ ಕಣಗಳಿಂದ ಹೈಡ್ರೋಜನ್ ಸಲೀಸಾಗಿ ಹೊರಡುತ್ತದೆ. ಅನಿಲ ಸಂಗ್ರಹಿಸುವುದಿದ್ದರೆ ಹೀಗೆ ಮಾಡಿ; ಲೋಹಗಳ ವೇಗ ಹೋಲಿಸುವಾಗ ಮಾತ್ರ ಬೇಡ, ಅದು ಒಬ್ಬನಿಗೆ ಮಾತ್ರ ನಕಲು ಚೀಟಿ ಕೊಟ್ಟು ಪರೀಕ್ಷೆ ನಡೆಸಿದಂತೆ. ಹೈಡ್ರೋಜನ್ ಬೇಕಿದ್ದಲ್ಲಿ ನೈಟ್ರಿಕ್ ಆಮ್ಲವೂ ಬೇಡ. ಅದು ಪ್ರಬಲ ಉತ್ಕರ್ಷಕ, ಅಂದರೆ ಬೇರೆಯದಕ್ಕೆ ಆಕ್ಸಿಜನ್ ಸೇರಿಸುವಂಥದ್ದು. ಹುಟ್ಟುವ ಹೈಡ್ರೋಜನ್ ನೀರಾಗಿಬಿಡುತ್ತದೆ.

ಮೆಗ್ನೀಸಿಯಂ ಪಟ್ಟಿ 3 ಸೆಂ.ಮೀ. ಸಾಕು. ಹೊಳಪು ಬರುವವರೆಗೆ ಉಜ್ಜಿ, ಇಕ್ಕಳದಲ್ಲಿ ಹಿಡಿದು ಹೊತ್ತಿಸಿ. ಉರಿಯನ್ನು ನೇರ ನೋಡಬೇಡಿ. ಬೂದಿಯನ್ನು ನೀರಿಗೆ ಹಾಕಿ ಕೆಂಪು ಲಿಟ್ಮಸ್ (ಆಮ್ಲ, ಪ್ರತ್ಯಾಮ್ಲ ಗುರುತಿಸುವ ಕಾಗದ) ಅದ್ದಿದೊಡನೆ ನೀಲಿಯಾಗಲಿಲ್ಲವೆಂದು ಗಾಬರಿ ಬೇಡ. ಮೆಗ್ನೀಸಿಯಂ ಆಕ್ಸೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಬೆಚ್ಚಗಿನ ನೀರಲ್ಲಿ ಚೆನ್ನಾಗಿ ಕಲಕಿ, ಒದ್ದೆ ಬೂದಿಗೇ ಕಾಗದ ತಾಗಿಸಿ ಸ್ವಲ್ಪ ಕಾಯಿರಿ. ಬೆಂಕಿ ಕೈ ಮೀರಿದರೆ ಒಣ ಮರಳು. ನೀರೂ ಅಲ್ಲ, ಕಾರ್ಬನ್ ಡೈಆಕ್ಸೈಡೂ ಅಲ್ಲ, ಎರಡರಲ್ಲೂ ಅದು ಉರಿಯುತ್ತದೆ.

ಅಲೋಹಗಳ ಕಡೆ ಗಂಧಕ ಉರಿಸುವಾಗ ನೀಲಿ ಲಿಟ್ಮಸ್ ಒದ್ದೆಯಾಗಿರಲಿ, ಒಣ ಕಾಗದಕ್ಕೆ ಬಣ್ಣ ಬದಲಾಗದು. ಹೊಗೆ ಎಳೆಯುವ ಗೂಡಿಲ್ಲದಿದ್ದರೆ ಈ ಪ್ರಯೋಗ ಬಿಟ್ಟುಬಿಡಿ. ವಿದ್ಯುತ್ ಪರೀಕ್ಷೆಗೆ ಗ್ರಾಫೈಟ್ ಬೇಕಾದಾಗ ಗಟ್ಟಿ ಪೆನ್ಸಿಲಿನ ಕಡ್ಡಿ ಕೊಡಬೇಡಿ. ಅದರಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚು, ಬಲ್ಬ್ ಮಿಣುಕುವುದೂ ಅನುಮಾನ. ಹಳೆಯ ಟಾರ್ಚ್ ಸೆಲ್ಲಿನ ಇಂಗಾಲದ ಕಡ್ಡಿಯನ್ನು ತೊಳೆದು ಒಣಗಿಸಿ ಜೋಡಿಸಿದರೆ ಬಲ್ಬ್ ಸ್ಪಷ್ಟವಾಗಿ ಹೊತ್ತುತ್ತದೆ.