ಅಡಿಕೆ ಚಪ್ಪರದ ನಾಲ್ಕು ಕ್ಯಾಮೆರಾ

ತೀರ್ಥಹಳ್ಳಿ ಕಡೆ ಕೊನೆ ಕೊಯ್ಲಿನ ದಿನಗಳು. ಚಪ್ಪರದ ತುಂಬ ಬೇಯಿಸಿದ ಅಡಿಕೆ, ಅದನ್ನು ಕಾಯಲು ನಾಲ್ಕು ಐಪಿ (ನೆಟ್‌ವರ್ಕಿಗೆ ಜೋಡಿಸುವ) ಕ್ಯಾಮೆರಾ, ಒಳಗೆ ಅವುಗಳ ಚಿತ್ರ ರೆಕಾರ್ಡ್ ಮಾಡಲು ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರ್. ಬೆಳಿಗ್ಗೆ ಹೋದಾಗ ರಾತ್ರಿಯ ಕೊನೆಯ ಫೈಲ್ ತೆರೆಯುತ್ತಲೇ ಇರಲಿಲ್ಲ. ‘ಗುಡುಗು ಬಂದದ್ದೇ ಕರೆಂಟ್ ಹೋಯ್ತು ಮಾರಾಯ್ರೇ’ ಎಂದರು ಮನೆಯವರು.

ಕಾರಣ ಅದೇ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿ ಸಾಮಾನ್ಯವಾಗಿ ಫೈಲ್ ಮುಚ್ಚುವಾಗ ಬರೆದಾಗುತ್ತದೆ. ನಡುವೆ ಕರೆಂಟ್ ಹೋದರೆ ಪಟ್ಟಿ ಇಲ್ಲ, ಚಿತ್ರ ಡಿಸ್ಕಿನಲ್ಲಿದ್ದೂ ಇಲ್ಲದ ಹಾಗೆ. ಎಂಕೆವಿ ಎಂಬ ಇನ್ನೊಂದು ಬಗೆಯ ವಿಡಿಯೊ ಫೈಲಿನಲ್ಲಿ ಬರೆದಷ್ಟನ್ನು ಓದಬಹುದು. ರೆಕಾರ್ಡ್ ಮಾಡುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನ ಸೆಗ್ಮೆಂಟ್ (ತುಂಡು ಮಾಡುವ) ಸೌಲಭ್ಯದಲ್ಲಿ 300 ಸೆಕೆಂಡಿಗೊಂದು ಎಂಕೆವಿ ಫೈಲ್ ಆಗುವಂತೆ ಬದಲಿಸಿದೆವು. ಕ್ಯಾಮೆರಾದಿಂದ ಚಿತ್ರ ತರುವ ಆರ್‌ಟಿಎಸ್‌ಪಿಯನ್ನು, ದಾರಿಯಲ್ಲಿ ಕಳೆದ ತುಣುಕನ್ನು ಮತ್ತೆ ಕಳಿಸದ ಯುಡಿಪಿ ಬಿಟ್ಟು, ಮತ್ತೆ ಕಳಿಸುವ ಟಿಸಿಪಿಗೆ ತಂದದ್ದೇ ಚಿತ್ರದ ಮೇಲಿನ ಬೂದು ಕಲೆಗಳೂ ಹೋದವು. ಕೋಡೆಕ್ ‘ಕಾಪಿ’ ಎಂದೇ ಇರಲಿ, ಅಂದರೆ ಕ್ಯಾಮೆರಾ ಕೊಟ್ಟ ಚಿತ್ರವನ್ನು ಹಾಗೇ ಬರೆಯಲಿ. ಮತ್ತೆ ಎನ್‌ಕೋಡ್ ಮಾಡಿಸಿದರೆ ಹಳೇ ಪ್ರೊಸೆಸರ್ ಏದುಸಿರು ಬಿಡುತ್ತದೆ.

ಜಾಗದ ಲೆಕ್ಕ: ಕ್ಯಾಮೆರಾಗೆ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಎಂದರೆ ಗಂಟೆಗೆ 1.8 ಜಿಬಿ, ದಿನಕ್ಕೆ ಸುಮಾರು 43. ನಾಲ್ಕಕ್ಕೆ 173 ಜಿಬಿ. 2 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬುತ್ತದೆ. ಒಂಬತ್ತು ದಿನ ದಾಟಿದ್ದನ್ನು ಅಳಿಸುವ ಕೆಲಸ ಕ್ರಾನ್‌ಗೆ, ಅಂದರೆ ಹೇಳಿದ ಹೊತ್ತಿಗೆ ಕೆಲಸ ನಡೆಸುವ ಲಿನಕ್ಸ್ ಸೌಲಭ್ಯಕ್ಕೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಕಂಪ್ಯೂಟರ್ ಮರಳಿ ಶುರುವಾದಾಗ ರೆಕಾರ್ಡಿಂಗಿನ ಯುಎಸ್‌ಬಿ ಡಿಸ್ಕಿನ ಹೆಸರು ಎಸ್‌ಡಿಬಿ ಹೋಗಿ ಎಸ್‌ಡಿಸಿ ಆಗಿತ್ತು. ಡಿಸ್ಕ್ ಮೌಂಟ್ ಆಗಲಿಲ್ಲ (ತನ್ನ ಫೋಲ್ಡರಿಗೆ ಜೋಡಣೆಯಾಗಲಿಲ್ಲ), ರೆಕಾರ್ಡಿಂಗ್ ಆ ಖಾಲಿ ಫೋಲ್ಡರಿಗೆ ಬಿದ್ದು ಡೆಬಿಯನ್ ಇರುವ ರೂಟ್ ವಿಭಾಗವೇ ತುಂಬಿತು. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂದು ಹೇಳುವ ಎಫ್‌ಎಸ್‌ಟ್ಯಾಬ್‌ ಫೈಲಿನಲ್ಲಿ ಹೆಸರಿನ ಬದಲು ಬದಲಾಗದ ಗುರುತು ಯುಯುಐಡಿ ಬರೆಯಬೇಕು, ಜೊತೆಗೆ ಡಿಸ್ಕ್ ಸಿಗದಿದ್ದರೂ ಕಂಪ್ಯೂಟರ್ ಶುರುವಾಗಲು ನೋಫೇಲ್. ಡಿಸ್ಕ್ ಮೌಂಟ್ ಆಗದಿದ್ದರೆ ರೆಕಾರ್ಡರ್ ಶುರುವಾಗದಂತೆ ಲಿನಕ್ಸಿನಲ್ಲಿ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿಯಲ್ಲಿ ಕಟ್ಟಬೇಕು. ಇದನ್ನು ಬಿಟ್ಟವರೇ ಹೆಚ್ಚು.

ಗಡಿಯಾರದ ವಿಷಯವೂ ಇದೆ. ಕರೆಂಟ್ ಬಂದಮೇಲೆ ಎರಡು ಕ್ಯಾಮೆರಾ 1970ನೇ ಇಸವಿ ತೋರಿಸುತ್ತಿದ್ದವು. ಮಳೆಯಲ್ಲಿ ಇಂಟರ್ನೆಟ್ ನಂಬುವ ಹಾಗಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲೇ ಸಮಯ ಹಂಚುವ ಕ್ರೋನಿ ತಂತ್ರಾಂಶ ಹಾಕಿ, ಮನೆಯ ನೆಟ್‌ವರ್ಕಿಗೆ ಅನುಮತಿ ಕೊಟ್ಟು, ಕ್ಯಾಮೆರಾಗಳ ಎನ್‌ಟಿಪಿ (ಸಮಯ ಕೇಳುವ) ವಿಳಾಸಕ್ಕೆ ಆ ಕಂಪ್ಯೂಟರಿನ ಐಪಿ ತುಂಬಿದೆವು. ಹೊರಗಿನ ಸಂಪರ್ಕ ಇಲ್ಲದಾಗಲೂ ಸಮಯ ಹೇಳಲು ಕ್ರೋನಿಯ ಸೆಟ್ಟಿಂಗ್ ಫೈಲಿನಲ್ಲಿ ‘ಲೋಕಲ್ ಸ್ಟ್ರೇಟಮ್ 10’ ಸಾಲು ಬೇಕು. ಕರೆಂಟ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರ ನಡೆಸುವ, ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಇದೆಲ್ಲ ವ್ಯರ್ಥ, ಅದನ್ನೂ ಬದಲಿಸಿದೆವು.

ಇನ್‌ಫ್ರಾರೆಡ್ ದೀಪದೆದುರು ಜೇಡ ಬಲೆ ಕಟ್ಟಿದರೆ ರಾತ್ರಿಯಿಡೀ ಚಲನೆಯ ಸುಳ್ಳು ಎಚ್ಚರಿಕೆ ಬರುತ್ತದೆ. ವಾರಕ್ಕೊಮ್ಮೆ ಒರೆಸುವುದೇ ದಾರಿ.

ಸಂಜೆ 6.40ಕ್ಕೆ ಬೇಕೆಂದೇ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಹಾಕಿದೆವು. ಕೊನೆಯ ಫೈಲ್ 6.39ರವರೆಗೆ ಓಡಿತು, ಹೊಸ ಫೈಲಿನ ಸಮಯವೂ ಸರಿಯಾಗಿತ್ತು.