ಪೋರ್ಷೆ ಸರ್ವಿಸ್: ಕಂಪನಿಗೆ ಬಿಡೋದಾ, ಹೊರಗಡೆ ಮಾಡಿಸೋದಾ?

ಪೋರ್ಷೆಯ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಾದ ಪಿಡಿಕೆಯ ಹೊಟ್ಟೆಯೊಳಗೆ ಒಂದು ಡಿಸ್ಟೆನ್ಸ್ ಸೆನ್ಸರ್ ಇರುತ್ತದೆ. ಗೇರ್ ಬದಲಿಸುವ ರಾಡುಗಳು ಎಲ್ಲಿ ನಿಂತಿವೆ ಎಂದು ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಅದು ಕೈಕೊಟ್ಟರೆ ಗೇರ್‌ಬಾಕ್ಸ್ ಎಮರ್ಜೆನ್ಸಿ ಮೋಡಿಗೆ ಹೋಗುತ್ತದೆ, ಕೆಲವು ಗೇರ್ ಬೀಳುವುದಿಲ್ಲ, ಒಮ್ಮೊಮ್ಮೆ ರಿವರ್ಸೇ ಇರುವುದಿಲ್ಲ. ಬಹಳ ವರ್ಷ ಡೀಲರ್‌ಗಳ ಬಳಿ ಇದಕ್ಕೆ ಇದ್ದ ಉತ್ತರ ಒಂದೇ: ಇಡೀ ಗೇರ್‌ಬಾಕ್ಸ್ ಬದಲಿಸಿ. ಒಳಗಿನ ಭಾಗಗಳನ್ನು ಬಿಡಿಯಾಗಿ ಮಾರುತ್ತಲೇ ಇರಲಿಲ್ಲ. ಹೊರಗಿನ ಸ್ಪೆಷಲಿಸ್ಟುಗಳು ಅದನ್ನೇ ಇಳಿಸಿ, ಬಿಚ್ಚಿ, ಸೆನ್ಸರ್ ಒಂದನ್ನೇ ಹಾಕಿ ಮುಚ್ಚಿ ಕೊಡುತ್ತಿದ್ದರು. ಎರಡು ಬಿಲ್ಲುಗಳ ನಡುವಿನ ಅಂತರದಲ್ಲಿ ಒಂದು ಒಳ್ಳೆಯ ಹೊಸ ಕಾರೇ ಬರುತ್ತಿತ್ತು.

ಇಷ್ಟು ಕೇಳಿ ಡೀಲರ್ ಸಹವಾಸವೇ ಬೇಡ ಎಂದುಕೊಳ್ಳುವವರು ಇನ್ನೊಂದನ್ನೂ ಕೇಳಬೇಕು. 2014ರಲ್ಲಿ 911ರ 991 ತಲೆಮಾರಿನ ಜಿಟಿ3ಗೆ ಬೆಂಕಿ ಹತ್ತಿದ ಪ್ರಕರಣಗಳಾದವು. ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾಗುವುದು ಕಾರಣವೆಂದು ಗೊತ್ತಾದ ಮೇಲೆ, ಆಗ ಜಗತ್ತಿನಾದ್ಯಂತ ಗ್ರಾಹಕರ ಕೈಸೇರಿದ್ದ 785 ಕಾರುಗಳ ಎಂಜಿನ್ನನ್ನೂ ಪೋರ್ಷೆ ತನ್ನ ಖರ್ಚಿನಲ್ಲೇ ಬದಲಿಸಿತು. ಈ ಕೆಲಸವನ್ನು ಯಾವ ಹೊರಗಿನ ಗ್ಯಾರೇಜೂ ಮಾಡಿಕೊಡಲಾರದು.

ಹಾಗಾಗಿ "ನನ್ನ ಕಾರಿಗೆ ಯಾವ ಗ್ಯಾರೇಜು?" ಎಂದು ಕೇಳುವುದರಲ್ಲೇ ತಪ್ಪಿದೆ. ಈ ಕೆಲಸಕ್ಕೆ ಯಾವ ಗ್ಯಾರೇಜು ಎಂದು ಕೇಳಬೇಕು. ಒಂದೇ ಕಾರು ಒಂದೇ ವರ್ಷದಲ್ಲಿ ಎರಡೂ ಕಡೆ ಹೋಗಿಬಂದರೆ ಮರ್ಯಾದೆಗೇನೂ ಕಡಿಮೆಯಿಲ್ಲ.

ಮೊದಲು ವಾರಂಟಿಯ ಭಯ. ಹೊರಗಡೆ ಆಯಿಲ್ ಬದಲಿಸಿದರೆ ವಾರಂಟಿ ಹೋಯಿತು ಎಂದು ಸರ್ವಿಸ್ ಅಡ್ವೈಸರ್ ಹೇಳುವುದು ಎಲ್ಲ ದೇಶದಲ್ಲೂ ಇದೆ. ಯುರೋಪಿನಲ್ಲಿ 2010ರ 461ನೇ ಸಂಖ್ಯೆಯ ನಿಯಮಾವಳಿಯ ಪ್ರಕಾರ ಅಷ್ಟೇ ಕಾರಣಕ್ಕೆ ಹೊಸ ಕಾರಿನ ವಾರಂಟಿ ರದ್ದು ಮಾಡುವಂತಿಲ್ಲ. ನಮ್ಮಲ್ಲಿ 2014ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು; ಬಿಡಿಭಾಗ ಮತ್ತು ಡಯಾಗ್ನಾಸ್ಟಿಕ್ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದು ಆರೋಪ. ಪೋರ್ಷೆ ಆ ಪಟ್ಟಿಯಲ್ಲಿರಲಿಲ್ಲ, ಆದರೆ ಆಯೋಗದ ನಿಲುವೇನು ಎಂಬುದು ಅದರಿಂದ ಗೊತ್ತಾಗುತ್ತದೆ.

ಇದು ಕಾಗದದ ಮಾತು. ವಾರಂಟಿ ಇರುವಷ್ಟು ದಿನ ಡೀಲರ್ ಬಳಿಯೇ ಹೋಗಿ. ಎಂಜಿನ್ ಕ್ಲೇಮ್ ಬಂದ ದಿನ ಯಾವ ಆಯಿಲ್, ಯಾವ ಫಿಲ್ಟರ್, ಎಷ್ಟು ಕಿಲೋಮೀಟರಿಗೆ ಎಂಬುದನ್ನು ನೀವು ಸಾಬೀತು ಮಾಡುತ್ತಾ ಕೂರಬೇಕಾಗುತ್ತದೆ. ಸರ್ವಿಸಿನಲ್ಲಿ ಉಳಿಸಿದ ದುಡ್ಡು ಆ ತಲೆನೋವಿಗೆ ಸಾಲುವುದಿಲ್ಲ. ಹಣ ಕೊಟ್ಟು ಕೊಂಡ ವಿಸ್ತೃತ ವಾರಂಟಿಯದು ಬೇರೆಯೇ ಲೆಕ್ಕ: ಅದು ಒಪ್ಪಂದ. ಟೈರಿನ ಮೇಲೆ ಪೋರ್ಷೆ ಒಪ್ಪಿಗೆಯ ಎನ್0, ಎನ್1 ಗುರುತು ಇರಬೇಕೇ, ಎಲ್ಲ ಭಾಗವೂ ಪೋರ್ಷೆ ಡಬ್ಬಿಯದ್ದೇ ಆಗಬೇಕೇ ಎಂಬುದು ಅದರ ಷರತ್ತುಗಳಲ್ಲಿ ಇರುತ್ತದೆ, ಸಹಿ ಹಾಕುವ ಮೊದಲೇ ಓದಿ.

ವಾರಂಟಿ ಮುಗಿದ ಮೇಲೂ ಡೀಲರ್ ಬಳಿಯೇ ಆಗಬೇಕಾದವು ಕೆಲವಿವೆ. ರೀಕಾಲ್, ಕಂಟ್ರೋಲ್ ಯೂನಿಟ್ಟಿನ ಸಾಫ್ಟ್‌ವೇರ್, ಹೊಸ ಕೀ ಮತ್ತು ಇಮೊಬಿಲೈಸರ್ ಕೋಡಿಂಗ್. 991ರಿಂದೀಚೆಗೆ ಬಾಡಿಯಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ಬೆರೆತಿರುವುದರಿಂದ ದೊಡ್ಡ ಅಪಘಾತದ ರಿಪೇರಿಯೂ ಕಂಪನಿ ಒಪ್ಪಿದ ಬಾಡಿ ಶಾಪಿನಲ್ಲೇ ಆಗಬೇಕು. ಅಲ್ಲಿ ವೆಲ್ಡಿಂಗಿಗಿಂತ ಅಂಟು ಮತ್ತು ರಿವೆಟ್ ಕೆಲಸವೇ ಹೆಚ್ಚು. ವಿದ್ಯುತ್ ಕಾರಾದ ಟೈಕಾನ್ ಇದ್ದವರಿಗೆ ಈ ಚರ್ಚೆಯೇ ಬೇಡ.

ಇನ್ನು ಹಳೆಯ ಕಾರುಗಳು. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ನಮ್ಮವರು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ 986 ಬಾಕ್ಸ್‌ಸ್ಟರ್, 996 (ಹಳೆಯ ತಲೆಮಾರಿನ 911). ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವ ಮೊದಲ ಸಾಲಿನ ಕೇಮನ್ ಎಸ್, 997 (996ರ ನಂತರದ 911). 2008ರವರೆಗಿನ ಈ ಕಾರುಗಳಲ್ಲಿ ಎಂ96, ಎಂ97 ಎಂಜಿನ್‌ಗಳಿವೆ (ಟರ್ಬೊ, ಜಿಟಿ3ಗಳದ್ದು ಬೇರೆ ಎಂಜಿನ್). ಸ್ಪೆಷಲಿಸ್ಟ್ ಅನ್ನ ಸಂಪಾದಿಸುವುದೇ ಇಲ್ಲಿ.

ಐಎಂಎಸ್ (ಇಂಟರ್‌ಮೀಡಿಯೇಟ್ ಶಾಫ್ಟ್) ಬೇರಿಂಗನ್ನೇ ನೋಡಿ. ಕ್ರ್ಯಾಂಕಿನಿಂದ ಕ್ಯಾಮ್‌ಗಳಿಗೆ ಚೈನ್ ಮೂಲಕ ಚಲನೆ ದಾಟಿಸುವ ಮಧ್ಯದ ಶಾಫ್ಟಿನ ಒಂದು ತುದಿಯಲ್ಲಿ ಗ್ರೀಸ್ ತುಂಬಿ ಸೀಲ್ ಮಾಡಿದ ಬಾಲ್ ಬೇರಿಂಗ್ ಇಟ್ಟಿದ್ದಾರೆ. ವರ್ಷಗಳು ಕಳೆದಂತೆ ಎಂಜಿನ್ ಆಯಿಲ್ ಸೀಲ್ ದಾಟಿ ಒಳಗೆ ಹೋಗಿ ಗ್ರೀಸನ್ನು ತೊಳೆಯುತ್ತದೆ. ಹಾಗೆ ಹೋದ ಆಯಿಲ್ ಅಲ್ಲೇ ನಿಂತು ಹಳಸುತ್ತದೆ, ಗುಂಡುಗಳು ಸವೆಯುತ್ತವೆ, ಶಾಫ್ಟ್ ಅಲುಗಾಡುತ್ತದೆ, ಟೈಮಿಂಗ್ ತಪ್ಪುತ್ತದೆ, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ. ಅಲ್ಲಿಗೆ ಎಂಜಿನ್ ಮುಗಿಯಿತು. ಸುಮಾರು 2000ದವರೆಗೆ ಎರಡು ಸಾಲಿನ ಬೇರಿಂಗ್, ಅಲ್ಲಿಂದ 2005ರವರೆಗೆ ಒಂದೇ ಸಾಲಿನದು. ಹೆಚ್ಚು ಕೈಕೊಡುವುದು ಈ ಎರಡನೆಯದೇ. 2006ರಿಂದ 2008ರವರೆಗೆ ದೊಡ್ಡ ಬೇರಿಂಗ್ ಹಾಕಿದರು, ಅದು ಗಟ್ಟಿ. ಆದರೆ ಕೇಸಿನ ರಂಧ್ರಕ್ಕಿಂತ ದೊಡ್ಡದಾದ್ದರಿಂದ ಎಂಜಿನ್ ಎರಡು ಹೋಳು ಮಾಡದೆ ಹೊರಗೆ ಬರುವುದಿಲ್ಲ. ಅದರ ಹೊರಗಿನ ಸೀಲ್ ಕಿತ್ತು, ಎಂಜಿನ್ ಆಯಿಲ್ ನೇರ ತಾಗುವಂತೆ ಬಿಡುವುದು ಸ್ಪೆಷಲಿಸ್ಟುಗಳ ರೂಢಿ. 2009ರ ಹೊಸ ಎಂಜಿನ್‌ಗಳಲ್ಲಿ ಈ ಶಾಫ್ಟೇ ಇಲ್ಲ.

ಬೇರಿಂಗ್ ತಲುಪಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸಲೇಬೇಕು. ಆದ್ದರಿಂದ ಕ್ಲಚ್ ಬದಲಿಸುವಾಗಲೇ ಇದನ್ನೂ, ಕ್ರ್ಯಾಂಕಿನ ಹಿಂದಿನ ಸೀಲನ್ನೂ ಒಟ್ಟಿಗೆ ಮುಗಿಸುವುದು ಜಾಣತನ. ಗ್ಯಾರೇಜಿನವರನ್ನು ಒಂದೇ ಪ್ರಶ್ನೆ ಕೇಳಿ: "ಬೇರಿಂಗ್ ಮುಚ್ಚಿರೋ ಫ್ಲ್ಯಾಂಜ್ ಬಿಚ್ಚೋ ಮೊದಲು ಏನೇನು ಲಾಕ್ ಮಾಡ್ತೀರಿ?" ಎಂಜಿನ್ನನ್ನು ಟಿಡಿಸಿಗೆ (ಪಿಸ್ಟನ್ ತುತ್ತತುದಿ ಮುಟ್ಟುವ ಸ್ಥಾನಕ್ಕೆ) ತಂದು ಮುಂದಿನ ಪುಲ್ಲಿಗೆ ಪಿನ್ ಹಾಕಬೇಕು, ಕ್ಯಾಮ್ ಲಾಕ್ ಮಾಡಬೇಕು, ಚೈನ್ ಟೆನ್ಷನರ್‌ಗಳನ್ನು ಬಿಚ್ಚಿರಬೇಕು. ಟೆನ್ಷನರ್ ಬಿಗಿಯಿದ್ದಾಗಲೇ ಫ್ಲ್ಯಾಂಜ್ ತೆಗೆದರೆ ಶಾಫ್ಟ್ ಪಕ್ಕಕ್ಕೆ ವಾಲಿ ಟೈಮಿಂಗ್ ಹಾರುತ್ತದೆ. ಇದನ್ನು ತಡವರಿಸದೆ ಹೇಳಿದವರು ಈ ಕೆಲಸ ಮಾಡಿದ್ದಾರೆ. "ಅದೆಲ್ಲಾ ನಮಗೆ ಬಿಡಿ ಸರ್" ಎಂದವರಿಂದ ಕೀ ವಾಪಸ್ ಇಸ್ಕೊಳ್ಳಿ, ಅದು ಕಂಪನಿಯ ಶೋರೂಮಾಗಿದ್ದರೂ ಸರಿ.

ಬೋರ್ ಸ್ಕೋರಿಂಗ್ ಕಥೆಯೂ ಹೀಗೇ. ಸಿಲಿಂಡರ್ ಗೋಡೆಯ ಲೋಕಾಸಿಲ್ ಪದರದಿಂದ ಗಟ್ಟಿಯಾದ ಸಿಲಿಕಾನ್ ಕಣಗಳು ಕಿತ್ತುಬಂದು, ಪಿಸ್ಟನ್ನಿನ ಲೇಪ ಸವೆದು, ಗೋಡೆಯ ಮೇಲೆ ಉದ್ದುದ್ದ ಗೆರೆ ಬೀಳುತ್ತವೆ. 3.4, 3.6 ಮತ್ತು 3.8 ಲೀಟರ್ ಎಂಜಿನ್‌ಗಳಲ್ಲಿ, ಅದರಲ್ಲೂ ಎರಡನೇ ಬ್ಯಾಂಕಿನಲ್ಲಿ (ಸಿಲಿಂಡರುಗಳ ಎರಡನೇ ಸಾಲಿನಲ್ಲಿ) ಹೆಚ್ಚು. ಆಯಿಲ್ ಕುಡಿಯುವುದು, ಟಿಕ್ ಟಿಕ್ ಸದ್ದು, ಒಂದೇ ಕಡೆಯ ಟೇಲ್‌ಪೈಪಿನಲ್ಲಿ ಮಸಿ ಇದ್ದರೆ ಅನುಮಾನಿಸಿ. ಸ್ಪಾರ್ಕ್ ಪ್ಲಗ್ ರಂಧ್ರದಿಂದ ಬೋರೋಸ್ಕೋಪ್ (ಕಡ್ಡಿಯಂಥ ಕ್ಯಾಮೆರಾ) ಇಳಿಸಿ "ಎಲ್ಲಾ ಕ್ಲೀನಾಗಿದೆ" ಎಂದರೆ ಪೂರ್ತಿ ನಂಬಬೇಡಿ. ಗೆರೆ ಶುರುವಾಗುವುದು ಬೋರಿನ ಕೆಳಭಾಗದಲ್ಲಿ. ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್ ಬಿಚ್ಚಿ, ಪಿಸ್ಟನ್ ಮೇಲಿಟ್ಟು, ಕೆಳಗಿನಿಂದ ನೋಡಬೇಕು. ಗೆರೆ ಖಚಿತವಾದರೆ ಡೀಲರ್ ಹೊಸ ಎಂಜಿನ್ನಿಗೆ ಅಂದಾಜು ಕೊಡುತ್ತಾರೆ. ಸ್ಪೆಷಲಿಸ್ಟ್ ಸಿಲಿಂಡರ್ ಕೊರೆದು ನಿಕಾಸಿಲ್ ಲೇಪದ ಲೈನರ್ ಕೂರಿಸುತ್ತಾರೆ. ಇಂಗ್ಲೆಂಡಿನ ಬೋಲ್ಟನ್ನಿನ ಹಾರ್ಟೆಕ್, ಅಮೆರಿಕದ ಎಲ್‌ಎನ್ ಎಂಜಿನಿಯರಿಂಗ್ ಹೆಸರು ಮಾಡಿದ್ದು ಇಂಥ ಕೆಲಸಗಳಿಂದಲೇ. ಇಲ್ಲಿ ಹೊರಗಿನ ಕೆಲಸ ಅಗ್ಗ ಮಾತ್ರವಲ್ಲ, ಮೂಲ ಎಂಜಿನ್ನಿಗಿಂತ ಗಟ್ಟಿ.

ಬರೀ ಆಯಿಲ್ ಸರ್ವಿಸ್ ಎಲ್ಲಾದರೂ ಆದೀತು ಎನ್ನುವವರಿಗೆ ಒಂದು ಮಾತು. 997ರಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇಲ್ಲ. 3.6 ಎಂಜಿನ್ನಿಗೆ ಫಿಲ್ಟರ್ ಸೇರಿ ಸುಮಾರು 8 ಲೀಟರ್ ಬೇಕು, ಆದರೆ ಬರಿದಾಗದೆ ಉಳಿದದ್ದು ಎಷ್ಟೆಂದು ಗೊತ್ತಿಲ್ಲದೆ ಎಂಟನ್ನೂ ಒಮ್ಮೆಗೇ ಸುರಿಯುವ ಮೆಕ್ಯಾನಿಕ್‌ಗಳಿದ್ದಾರೆ. ಹೆಚ್ಚಾದ ಆಯಿಲ್ ಏರ್-ಆಯಿಲ್ ಸೆಪರೇಟರಿನ ಮೂಲಕ ಇನ್‌ಟೇಕಿಗೆ ಹೋಗಿ, ಕಾರು ಹಿಂದೆ ಸೊಳ್ಳೆ ಹೊಗೆ ಬಿಟ್ಟಂತೆ ಬಿಳಿ ಹೊಗೆ ಬಿಡುತ್ತದೆ. ಪಾಪ, ಸರಿಯಾಗಿದ್ದ ಸೆಪರೇಟರ್ ಮೇಲೆ ಅಪವಾದ ಬಂದು ಅದನ್ನೂ ಬದಲಿಸುತ್ತಾರೆ. 7 ಲೀಟರ್ ಹಾಕಿ, ಎಂಜಿನ್ ಬಿಸಿಮಾಡಿ, ಮಟ್ಟಸ ನೆಲದಲ್ಲಿ ಡಿಸ್‌ಪ್ಲೇ ಓದಿ, ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಡ್ರೇನ್ ಪ್ಲಗ್ಗಿಗೆ ಹೊಸ ಅಲ್ಯೂಮಿನಿಯಂ ವಾಷರ್ ಹಾಕಿ 50 ಎನ್‌ಎಂ (ನ್ಯೂಟನ್ ಮೀಟರ್, ಬಿಗಿತದ ಅಳತೆ), ಫಿಲ್ಟರಿನ ಪ್ಲಾಸ್ಟಿಕ್ ಡಬ್ಬಿಗೆ 25 ಎನ್‌ಎಂ. ಇಷ್ಟೇ.

ಒಳ್ಳೆಯ ಸ್ಪೆಷಲಿಸ್ಟ್ ಹಳೆಯ ಫಿಲ್ಟರನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ಕಾಗದದ ಮಡಿಕೆಗಳನ್ನು ಕತ್ತರಿಸಿ, ಹಿಂಡಿ, ಬಿಳಿ ಬಟ್ಟೆಯ ಮೇಲೆ ಬಿಡಿಸಿಡುತ್ತಾರೆ. ಮಿಂಚುವ ಚೂರು ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಬೇರಿಂಗಿನ ಮೇಲೆ ಗುಮಾನಿ. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಪಿಸ್ಟನ್, ಬೋರಿನ ಕಡೆ ನೋಡಬೇಕು. ಪ್ಲಾಸ್ಟಿಕ್ ಚೂರಾದರೆ ಚೈನ್ ಗೈಡ್. ಎರಡು ವರ್ಷಕ್ಕೆ ಅಥವಾ 30,000 ಕಿಲೋಮೀಟರಿಗೆ ಒಮ್ಮೆ ಆಯಿಲ್ ಎಂದು ಯುರೋಪಿನ ಸರ್ವಿಸ್ ಪುಸ್ತಕ ಹೇಳುತ್ತಿತ್ತು. ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿಬಂದು ಉಳಿದ ಆರು ದಿನ ಕವರ್ ಹೊದ್ದು ಮಲಗುವ ಕಾರಿಗೆ ವರ್ಷಕ್ಕೊಮ್ಮೆ ಬದಲಿಸಿ, ಎಷ್ಟೇ ಕಡಿಮೆ ಓಡಿದ್ದರೂ. ಬ್ರೇಕ್ ಆಯಿಲ್ ಎರಡು ವರ್ಷಕ್ಕೆ. ಅದು ಗಾಳಿಯ ತೇವ ಹೀರುವ ದ್ರವ: ಡಾಟ್ 4ರ ಕುದಿಯುವ ಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ ಕನಿಷ್ಠ 155. ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೋ ಚೆನ್ನೈಗೋ ಹೋಗುವವರಾದರೆ ಹೊರಡುವ ಮೊದಲೇ ಬದಲಿಸಿ.

ಉಪಕರಣದ ಪ್ರಶ್ನೆಯೂ ಇದೆ. ಪಿಡಿಕೆಯಲ್ಲಿ ಎರಡು ಬಗೆಯ ಆಯಿಲ್, ಕ್ಲಚ್-ಹೈಡ್ರಾಲಿಕ್ಸಿಗೆ ಒಂದು, ಗೇರುಗಳಿಗೆ ಇನ್ನೊಂದು. ಕ್ಲಚ್ ಆಯಿಲಿನ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ನಿಗದಿತ ತಾಪಮಾನದಲ್ಲಿ, ಡಯಾಗ್ನಾಸ್ಟಿಕ್ ಸಾಧನ ಜೋಡಿಸಿ ಹೊಂದಿಸಬೇಕು. ಪೋರ್ಷೆಯ ಪಿವಿಸ್ ಆಗಲಿ ಅಷ್ಟೇ ಕೆಲಸ ಮಾಡುವ ಬೇರೆಯದಾಗಲಿ ಇಲ್ಲದ ಗ್ಯಾರೇಜು ಅಂದಾಜಿನ ಮೇಲೆ ತುಂಬುತ್ತದೆ. ಜಿಟಿ3ಯ ಸೆಂಟರ್ ಲಾಕ್ ಚಕ್ರವಾದರೆ (ನಡುವೆ ಒಂದೇ ದೊಡ್ಡ ನಟ್ಟಿನದು) 600 ಎನ್‌ಎಂ ಟಾರ್ಕ್ ರೆಂಚ್ ಇದೆಯೇ ಕೇಳಿ. ನಟ್ಟಿಗೆ ಅಲ್ಯೂಮಿನಿಯಂ ಪೇಸ್ಟ್ ಸವರಿ, ಒಬ್ಬರು ಬ್ರೇಕ್ ತುಳಿದಿರುವಾಗ 600ಕ್ಕೆ ಬಿಗಿದು, 60 ಡಿಗ್ರಿ ಸಡಿಲಿಸಿ, ಮತ್ತೆ 600ಕ್ಕೆ ಬಿಗಿಯಬೇಕು. ಕೊನೆಗೆ ನಡುವಿನ ಲಾಕ್ ಪೂರ್ತಿ ಹೊರಗೆ ಚಿಮ್ಮಿ ಹಲ್ಲಿಗೆ ಕೂತಿದೆಯೇ ಎಂದು ಕಣ್ಣಾರೆ ನೋಡಬೇಕು. ಕೆಂಪು ನಟ್ ಎಡಕ್ಕೆ, ನೀಲಿ ಬಲಕ್ಕೆ. ಇಂಪ್ಯಾಕ್ಟ್ ಗನ್ ಹಿಡಿದು ಬಂದವರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

ಹಳದಿ ಕ್ಯಾಲಿಪರ್ ಇದ್ದರೆ ಸಿರಾಮಿಕ್ ಡಿಸ್ಕ್. ಐದು ಬೋಲ್ಟಿನ ಚಕ್ರ ಬಿಚ್ಚುವಾಗ ಹಬ್ಬಿಗೆ ಗೈಡ್ ಪಿನ್ ಹಾಕಿ, ಚಕ್ರ ಡಿಸ್ಕಿಗೆ ತಾಗದಂತೆ ನೇರ ಹೊರಗೆಳೆಯಬೇಕು. ಅಂಚು ಒಮ್ಮೆ ಚೂರೆದ್ದರೆ ಡಿಸ್ಕೇ ಬದಲು. ಸವೆತವನ್ನು ಬರೀ ದಪ್ಪದಿಂದ ಅಳೆಯಲಾಗದು. ಡಿಸ್ಕಿನ ಮೇಲೆ ಕನಿಷ್ಠ ತೂಕ ಬರೆದಿರುತ್ತದೆ, ಬಿಚ್ಚಿ ತೂಗಬೇಕು. ವರ್ನಿಯರ್ ಹಿಡಿದು "ಇನ್ನೂ ದಪ್ಪ ಇದೆ" ಎಂದವರಿಗೆ ಸಿರಾಮಿಕ್ ಗೊತ್ತಿಲ್ಲ.

ಬಿಡಿಭಾಗದ ವಿಷಯದಲ್ಲಿ ಹೊರಗಿನವರು ಹೇಳುವುದು ಹೆಚ್ಚಾಗಿ ಸತ್ಯ. ಪೋರ್ಷೆ ಡಬ್ಬಿಯೊಳಗಿನ ಫಿಲ್ಟರ್ ಮಾಲೆಯದ್ದು, ಕ್ಲಚ್ ಸ್ಯಾಕ್ಸ್‌ನದ್ದು, ಪಿಡಿಕೆ ಗೇರ್‌ಬಾಕ್ಸೇ ಝಡ್‌ಎಫ್ ಮಾಡಿದ್ದು. ಅದೇ ತಯಾರಕರ ಡಬ್ಬಿಯಲ್ಲಿ ಕೊಂಡ ಎಷ್ಟೋ ಭಾಗಗಳ ಮೇಲೆ ಪೋರ್ಷೆ ಗುರುತನ್ನು ಉಜ್ಜಿ ಅಳಿಸಿದ ಕಲೆ ಕಾಣುತ್ತದೆ. "ಒರಿಜಿನಲ್ ಸರ್" ಎಂಬ ಬಾಯಿಮಾತು ಸಾಲದು, ಜಿಎಸ್‌ಟಿ ಬಿಲ್ಲಿನಲ್ಲಿ ತಯಾರಕರ ಹೆಸರು, ಪಾರ್ಟ್ ನಂಬರ್ ಇರಲಿ. ಬಿಚ್ಚಿದ ಹಳೆಯ ಭಾಗಗಳನ್ನು ಡಬ್ಬಿ ಸಮೇತ ವಾಪಸ್ ಕೇಳಿ. ಹೊಸ ಮಾದರಿಗಳ ಸರ್ವಿಸ್ ದಾಖಲೆ ಕಂಪನಿಯ ಕಂಪ್ಯೂಟರಿನಲ್ಲೇ ಇರುವುದರಿಂದ, ಹೊರಗಿನ ಕೆಲಸಕ್ಕೆ ನಿಮ್ಮ ಫೈಲೇ ಸಾಕ್ಷಿ.

ಕೊಳ್ಳುವ ಮೊದಲಿನ ತಪಾಸಣೆಗೆ ಇಬ್ಬರೂ ಬೇಕು. ಸರ್ವಿಸ್ ಇತಿಹಾಸ, ಬಾಕಿ ಇರುವ ರೀಕಾಲ್ ಡೀಲರ್ ಬಳಿ ಕೇಳಿ. ಬೋರೋಸ್ಕೋಪ್ ಮತ್ತು ಓವರ್‌ರೆವ್ ವರದಿಗೆ ಸ್ಪೆಷಲಿಸ್ಟ್. 987 (986ರ ನಂತರದ ಬಾಕ್ಸ್‌ಸ್ಟರ್, ಕೇಮನ್) ಮತ್ತು 997ರ ಎಂಜಿನ್ ಕಂಪ್ಯೂಟರ್ ಮಿತಿಮೀರಿದ ವೇಗವನ್ನು ಆರು ರೇಂಜುಗಳಲ್ಲಿ ಎಣಿಸಿಡುತ್ತದೆ. ಎಣಿಸುವುದು ಸೆಕೆಂಡನ್ನಲ್ಲ, ಇಗ್ನಿಷನ್ನನ್ನು: ಆರು ಸಿಲಿಂಡರಿನ ಎಂಜಿನ್ 8,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 400 ಸಲ ಕಿಡಿ ಹಾರಿಸುತ್ತದೆ. ಹಾಗಾಗಿ ಒಂದನೇ ರೇಂಜಿನಲ್ಲಿ ಸಾವಿರಗಟ್ಟಲೆ ಕಂಡರೆ ಗಾಬರಿ ಬೇಡ. ನಾಲ್ಕರಿಂದ ಮೇಲೆ ಇದ್ದರೆ ಯಾರೋ ನಾಲ್ಕನೇ ಗೇರಿನ ಬದಲು ಎರಡನೆಯದಕ್ಕೆ ತಳ್ಳಿದ್ದಾರೆ. ಪ್ರತಿ ರೇಂಜಿನ ಪಕ್ಕದಲ್ಲೇ ಅದು ಕೊನೆಯದಾಗಿ ನಡೆದ ಗಂಟೆಯೂ ಇರುತ್ತದೆ. ಎಂಜಿನ್ನಿನ ಒಟ್ಟು ಗಂಟೆಗಳಿಂದ ಅದನ್ನು ಕಳೆದು, ಆಮೇಲೆ ನೂರಾರು ಗಂಟೆ ಓಡಿದೆಯೇ ನೋಡಿ. ಅದೇ ಒಟ್ಟು ಗಂಟೆಯಿಂದ ಓಡೋಮೀಟರನ್ನು ಭಾಗಿಸಿ. 60,000 ಕಿಲೋಮೀಟರ್, 1,500 ಗಂಟೆ ಎಂದರೆ ಸರಾಸರಿ 40, ಸಹಜ. ಮೀಟರ್ 20,000 ತೋರಿಸಿ ಗಂಟೆ 1,800 ಇದ್ದರೆ ಸರಾಸರಿ 11. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಸಂಸಾರ ಹೂಡಿದ್ದರೂ ಒಂದು ಪೋರ್ಷೆ ಅಷ್ಟು ನಿಧಾನಕ್ಕೆ ಓಡಿರಲಾರದು. ಮೀಟರಿಗೆ ಯಾರೋ ಕೈಹಾಕಿದ್ದಾರೆ.