ಮೀಥೇನ್ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬೇಗ ಹೋಗುತ್ತಿದೆ ಅನ್ನುವುದೇ ಮುಖ್ಯ

ಯಾವುದೋ ಗ್ರಹದಲ್ಲಿ ಮೀಥೇನ್ ಸಿಕ್ಕಿದೆ ಎಂಬ ಸುದ್ದಿ ಬಂದರೆ ಜೀವ ಇದೆಯೋ ಇಲ್ಲವೋ ಎಂಬ ಚರ್ಚೆ ಕೂಡಲೇ ಶುರುವಾಗುತ್ತದೆ. ನಾನು ಮೊದಲು ಹುಡುಕುವುದು ಬೇರೊಂದು ಅಂಕಿ: ಅಲ್ಲಿ ಒಂದು ಮೀಥೇನ್ ಅಣುವಿನ ಆಯಸ್ಸು ಎಷ್ಟು? ಸೋರುವ ತೊಟ್ಟಿಯಲ್ಲಿ ನೀರಿನ ಮಟ್ಟವನ್ನಷ್ಟೇ ನೋಡಿದರೆ ನಲ್ಲಿ ಎಷ್ಟು ಜೋರಾಗಿ ಸುರಿಯುತ್ತಿದೆ ಎಂದು ಗೊತ್ತಾಗದು. ತೂತು ಎಷ್ಟು ದೊಡ್ಡದು ಎಂಬುದೂ ಬೇಕು. ಇರುವ ಒಟ್ಟು ಮೀಥೇನನ್ನು ಅದರ ಆಯಸ್ಸಿನಿಂದ ಭಾಗಿಸಿ. ವರ್ಷಕ್ಕೆ ಎಷ್ಟು ಹೊಸದು ಸೇರುತ್ತಿರಬೇಕು ಎಂಬ ಲೆಕ್ಕ ಸಿಗುತ್ತದೆ.

ಭೂಮಿಯ ಗಾಳಿಯಲ್ಲಿ ಮೀಥೇನ್ ಸುಮಾರು 1,900 ಪಿಪಿಬಿ, ಅಂದರೆ ನೂರು ಕೋಟಿ ಅಣುಗಳಲ್ಲಿ 1,900. ಹೈಡ್ರಾಕ್ಸಿಲ್ ಎಂಬ ಚುರುಕಾದ ಕಣ ಅದನ್ನು ಹತ್ತು ವರ್ಷದ ಆಸುಪಾಸಿನಲ್ಲಿ ಮುಗಿಸಿಬಿಡುತ್ತದೆ. ಆದರೂ ಮಟ್ಟ ಇಳಿಯುತ್ತಿಲ್ಲ, ಏಕೆಂದರೆ ವರ್ಷಕ್ಕೆ 50 ಕೋಟಿ ಟನ್ನಿಗೂ ಹೆಚ್ಚು ಹೊಸದಾಗಿ ಸೇರುತ್ತಿದೆ. ಜೌಗು ನೆಲ, ನೀರು ನಿಂತ ಗದ್ದೆ, ದನಗಳ ಹೊಟ್ಟೆಯಂಥ ಆಮ್ಲಜನಕ ತಲುಪದ ಜಾಗಗಳಲ್ಲಿ ಸೂಕ್ಷ್ಮಜೀವಿಗಳು ತಯಾರಿಸುವುದೇ ಇದರಲ್ಲಿ ಹೆಚ್ಚು.

ಇದೇ ಲೆಕ್ಕವನ್ನು ಮಂಗಳಕ್ಕೆ ಹಾಕೋಣ. ಅಲ್ಲಿನ ಗೇಲ್ ಕುಳಿಯಲ್ಲಿ ನಾಸಾದ ರೋವರ್ ಕ್ಯೂರಿಯಾಸಿಟಿ ಅಳೆದ ಸಾಮಾನ್ಯ ಮಟ್ಟ ಸುಮಾರು 0.4 ಪಿಪಿಬಿ. ಅಷ್ಟು ಮೀಥೇನ್ ಗ್ರಹದ ತುಂಬ ಹರಡಿದ್ದರೆ ಒಟ್ಟು ತೂಕ ನಾಲ್ಕು ಸಾವಿರ ಟನ್ನಿಗೂ ಕಡಿಮೆ. ನಮಗೆ ತಿಳಿದ ರಸಾಯನಶಾಸ್ತ್ರದ ಪ್ರಕಾರ ಅಲ್ಲಿ ಅದರ ಆಯಸ್ಸು ಸುಮಾರು 300 ವರ್ಷ. ಅಂದರೆ ವರ್ಷಕ್ಕೆ ಹತ್ತು ಹನ್ನೆರಡು ಟನ್ ಸೇರಿದರೆ ಸಾಕು. ಇಷ್ಟಕ್ಕೆ ಜೀವವೇ ಬೇಕೆಂದಿಲ್ಲ. ಆಲಿವಿನ್ ಎಂಬ ಖನಿಜದ ಮೂಲಕ ನೀರು ಹಾಯ್ದರೆ ಅದರಲ್ಲಿನ ಕಬ್ಬಿಣ ಆಕ್ಸಿಡೀಕರಣಗೊಂಡು ಜಲಜನಕ ಬಿಡುಗಡೆಯಾಗುತ್ತದೆ. ಅದು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ, ಲೋಹದ ಖನಿಜಗಳ ವೇಗವರ್ಧನೆಯಿಂದ, ಮೀಥೇನ್ ಆಗಬಲ್ಲದು.

ಆದರೆ ಮಂಗಳದ ಕಷ್ಟ ಇರುವುದು ಅಳತೆಯಲ್ಲೇ. ಭೂಮಿಯ ದೂರದರ್ಶಕದಿಂದ ನೋಡಿದರೆ ನಮ್ಮದೇ ಗಾಳಿಯ ಮೀಥೇನ್ ಮಂಗಳದ ರೋಹಿತ ಗೆರೆಯನ್ನು (ಅನಿಲ ಬೆಳಕಿನಲ್ಲಿ ಹೀರಿಕೊಂಡ ಬಣ್ಣದ ಗುರುತನ್ನು) ಮುಚ್ಚಿಹಾಕುತ್ತದೆ. ಆದ್ದರಿಂದ ಮಂಗಳ ವೇಗವಾಗಿ ಹತ್ತಿರ ಬರುವಾಗಲೋ ದೂರ ಸರಿಯುವಾಗಲೋ, ಡಾಪ್ಲರ್ ಪರಿಣಾಮದಿಂದ ಗೆರೆ ಪಕ್ಕಕ್ಕೆ ಸರಿದಾಗ ಹಿಡಿಯಬೇಕು. ಹತ್ತಿರ ಬರುವಾಗ ಗೆರೆ ನೀಲಿಯ ಕಡೆಗೆ ಸರಿಯುತ್ತದೆ, ಅಲ್ಲಿ ಇಂಗಾಲ-13 (ಇಂಗಾಲದ ತುಸು ಭಾರದ ರೂಪ) ಇರುವ ಭೂಮಿಯ ಮೀಥೇನಿನ ಗೆರೆಗಳು ಅಡ್ಡ ಬರುತ್ತವೆ. ಇಲ್ಲಿ ಎಡವುವುದು ಬಹಳ ಸುಲಭ.

ಕ್ಯೂರಿಯಾಸಿಟಿಯ ದಾರಿ ಬೇರೆ. ಮಂಗಳದ ಗಾಳಿ ತುಂಬುವ 20 ಸೆಂಟಿಮೀಟರ್ ಉದ್ದದ ಕೋಶದ ಎರಡು ಕನ್ನಡಿಗಳ ನಡುವೆ 3.27 ಮೈಕ್ರಾನ್ ಅವಕೆಂಪು ಲೇಸರ್ 81 ಬಾರಿ ಹಾಯುತ್ತದೆ. ಹೀಗೆ ಬೆಳಕಿನ ಹಾದಿ ಸುಮಾರು 16.8 ಮೀಟರ್ ಆಗುತ್ತದೆ. ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ತೆಗೆದು ಮೀಥೇನಿನ ಸಾಂದ್ರತೆಯನ್ನು 20ಕ್ಕೂ ಹೆಚ್ಚು ಪಟ್ಟು ಏರಿಸುವ ಕ್ರಮವೂ ಇದೆ. ಎಡವಟ್ಟು ಎಲ್ಲಿ ಅಂದರೆ, ಲೇಸರ್ ಕೋಶಕ್ಕೆ ಹೋಗುವ ಮುನ್ನ ದಾಟುವ ಪುಟ್ಟ ಕೋಣೆಯಲ್ಲಿ ಭೂಮಿಯ ಮೀಥೇನ್ ಉಳಿದಿದೆ. ಕೋಶ ತುಂಬಿದ್ದಾಗಿನ ಅಳತೆಯಿಂದ ಖಾಲಿ ಇದ್ದಾಗಿನದನ್ನು ಕಳೆದೇ ಉತ್ತರ ಪಡೆಯಬೇಕು. 2019ರ ಜೂನ್‌ನಲ್ಲಿ ಕ್ಯೂರಿಯಾಸಿಟಿ 21 ಪಿಪಿಬಿ ತೋರಿಸಿತು. ಅದೇ ವರ್ಷ ಪ್ರಕಟವಾದ ಮಂಗಳವನ್ನು ಸುತ್ತುವ ನೌಕೆ ಟ್ರೇಸ್ ಗ್ಯಾಸ್ ಆರ್ಬಿಟರ್‌ನ ಫಲಿತಾಂಶ ಮಾತ್ರ 0.05 ಪಿಪಿಬಿಯಷ್ಟೂ ಇಲ್ಲ ಎಂದಿತು.

ಈ ವ್ಯತ್ಯಾಸಕ್ಕೆ ಕೊಡುವ ವಿವರಣೆ ಹೀಗಿದೆ: ರೋವರ್ ಹೆಚ್ಚಾಗಿ ಅಳೆಯುವುದು ರಾತ್ರಿ, ನೆಲದ ಹತ್ತಿರ. ಆಗ ಗಾಳಿ ಹೆಚ್ಚು ಮೇಲೆ ಕೆಳಗೆ ಆಡುವುದಿಲ್ಲ, ನೆಲದಿಂದ ಬಂದ ಅನಿಲ ಅಲ್ಲೇ ನಿಲ್ಲುತ್ತದೆ. ಆರ್ಬಿಟರ್ ನೋಡುವುದು ಸೂರ್ಯೋದಯ, ಸೂರ್ಯಾಸ್ತದ ಬೆಳಕಿನಲ್ಲಿ, ಕೆಲವು ಕಿಲೋಮೀಟರ್ ಮೇಲಿನ ಗಾಳಿಯನ್ನು. ಈ ವಿವರಣೆ ನನಗೆ ಅರ್ಧ ಮಾತ್ರ ಒಪ್ಪಿಗೆ. ಆಯಸ್ಸು ನಿಜಕ್ಕೂ 300 ವರ್ಷವಾದರೆ, ರಾತ್ರಿ ರಾತ್ರಿ ಸೋರಿದ್ದೆಲ್ಲ ಮೇಲೆ ಸೇರಿ ಆರ್ಬಿಟರ್‌ಗೆ ಕಾಣಲೇಬೇಕಿತ್ತು. ಒಂದೋ ನಾವರಿಯದ ವೇಗದ ನಾಶ ನಡೆಯುತ್ತಿದೆ, ಇಲ್ಲವೇ ಎರಡರಲ್ಲೊಂದು ಅಳತೆ ತಪ್ಪು.

ಗುರು, ಶನಿ, ಯುರೇನಸ್, ನೆಪ್ಚೂನ್‌ಗಳಲ್ಲಿ ಈ ತಲೆನೋವಿಲ್ಲ. ಜಲಜನಕ ಧಾರಾಳವಾಗಿರುವ ತಂಪು ಗಾಳಿಯಲ್ಲಿ ಇಂಗಾಲ ಮೀಥೇನ್ ರೂಪದಲ್ಲೇ ಉಳಿಯುತ್ತದೆ. ಮೇಲೆ ಬಿಸಿಲಿಗೆ ಒಡೆದದ್ದು ಆಳಕ್ಕಿಳಿದು, ಅಲ್ಲಿನ ಬಿಸಿಗೆ ಮತ್ತೆ ಮೀಥೇನ್ ಆಗುತ್ತದೆ.

ಶನಿಯ ಉಪಗ್ರಹ ಟೈಟನ್‌ಗೆ ಆ ಸೌಲಭ್ಯ ಇಲ್ಲ. ನೆಲದ ಬಳಿ ಮೀಥೇನ್ ಸುಮಾರು ಶೇ. 5, ಉಷ್ಣತೆ 94 ಕೆಲ್ವಿನ್ (ಸೊನ್ನೆಗಿಂತ ಸುಮಾರು 179 ಡಿಗ್ರಿ ಸೆಲ್ಸಿಯಸ್ ಕೆಳಗೆ). ನೇರಳಾತೀತ ಕಿರಣ ಅಣುವನ್ನು ಒಡೆದಾಗ ಹಗುರ ಜಲಜನಕ ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆ, ಉಳಿದದ್ದು ಈಥೇನ್ ಮತ್ತು ಕಿತ್ತಳೆ ಮಬ್ಬು ಆಗುತ್ತದೆ. ಹೋದ ಜಲಜನಕ ಮರಳದು. ಈಗ ಗಾಳಿಯಲ್ಲಿರುವುದು ಕೆಲವು ಕೋಟಿ ವರ್ಷಕ್ಕಷ್ಟೇ ಸಾಕು, ಸೌರವ್ಯೂಹದ ವಯಸ್ಸೋ 450 ಕೋಟಿ ವರ್ಷ. ಒಳಗಿನ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಮೀಥೇನ್ ಆಗಾಗ ಹೊರಬರುತ್ತಿರಬೇಕು ಎಂಬ ಊಹೆ ಹುಟ್ಟಿದ್ದು ಈ ಲೆಕ್ಕದಿಂದಲೇ.

ದೂರದ ನಕ್ಷತ್ರಗಳ ಗ್ರಹಗಳಲ್ಲಿ ಜೊತೆಗಿರುವ ಅನಿಲಗಳನ್ನೂ ನೋಡಬೇಕು. ಒಂದನ್ನೊಂದು ಮುಗಿಸುವ ಆಮ್ಲಜನಕ ಮತ್ತು ಮೀಥೇನ್ ಒಟ್ಟಿಗಿದ್ದರೆ ಎರಡನ್ನೂ ಯಾವುದೋ ಸತತವಾಗಿ ತುಂಬುತ್ತಿದೆ ಎಂದರ್ಥ. ಇಂಗಾಲದ ಮಾನಾಕ್ಸೈಡ್ ಹೇರಳವಾಗಿದ್ದರೆ ಜ್ವಾಲಾಮುಖಿಯ ಮೇಲೆ ಅನುಮಾನ ಪಡಬೇಕು. ಗೆರೆ ಯಾವ ಅಣುವಿನದು ಎಂಬುದರಲ್ಲೂ ಎಚ್ಚರ ಬೇಕು: ಕೆ2-18 ಬಿ ಗ್ರಹದಲ್ಲಿ 1.4 ಮೈಕ್ರಾನ್ ಬಳಿಯ ಹಬಲ್ ಸಂಕೇತವನ್ನು 2019ರಲ್ಲಿ ನೀರಾವಿ ಎಂದರು. 2023ರಲ್ಲಿ ವೆಬ್ ದೂರದರ್ಶಕ ಅಲ್ಲಿ ತೋರಿಸಿದ್ದು ಮೀಥೇನ್, ಸುಮಾರು ಶೇ. 1. ಅದರ ಆಯಸ್ಸು ಲೆಕ್ಕ ಹಾಕಲು ಗ್ರಹದ ರೋಹಿತವೊಂದೇ ಸಾಲದು, ಆ ಕೆಂಪು ಕುಬ್ಜ ನಕ್ಷತ್ರ ಎಷ್ಟು ನೇರಳಾತೀತ ಬೆಳಕು ಚೆಲ್ಲುತ್ತದೆ ಎಂಬುದನ್ನೂ ಪ್ರತ್ಯೇಕವಾಗಿ ಅಳೆಯಬೇಕು.